ಗೃಹಶಿಕ್ಷಣ: ಎಳೆಯರೊಡನೆ ರಾಗಿಯ ಹೊಲಕ್ಕೆ

ಆಶ್ವಯುಜವೂ ಕಾರ್ತಿಕವೂ ಶರದೃತುವಿನ ಮಾಸಗಳು. ಮುಂಗಾರಿನ ಅಬ್ಬರವು ಅಡಗಿ ಆಕಾಶವು ತಿಳಿಯಾಗುವುದು. ಕೆರೆಕಟ್ಟೆಗಳ ನೀರಿನಲ್ಲಿ ಕದಡಿದ್ದ ಮಣ್ಣು ತಳಕ್ಕಿಳಿಯುವುದು. ಬಿಸಿಲಿಗೆ ವೈಶಾಖದ ಕ್ರೌರ್ಯವಿಲ್ಲ, ಗಾಳಿಗೆ ಪುಷ್ಯಮಾಸದ ಕೊರೆತವಿಲ್ಲ. ಪಾಠಶಾಲೆಗಳಿಗೆ ದಸರೆಯ ರಜೆ ದೊರೆಯುವುದೂ, ದೀಪಾವಳಿಯು ಬರುವುದೂ ಈ ಕಾಲದಲ್ಲಿಯೇ. ಆದುದರಿಂದ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂಬ ಮಾತು ಪ್ರತಿಯೊಂದು ಮನೆಯಲ್ಲಿಯೂ ಏಳುವುದು ಸಹಜ. ಮೈಸೂರಿನ ಅರಮನೆ, ಮೃಗಾಲಯ, ಕನ್ನಂಬಾಡಿಯ ಕಟ್ಟೆ ಮುಂತಾದುವನ್ನು ಮಕ್ಕಳು ನೋಡಲೇಬೇಕು. ಅವನ್ನು ಬೇಡವೆನ್ನುವುದು ನನ್ನ ಉದ್ದೇಶವಲ್ಲ. ಆದರೆ ಈ ತಿಂಗಳು ವಾಚಕರಿಗೆ ಇನ್ನೊಂದು ಸ್ಥಳವನ್ನು ಸೂಚಿಸಬೇಕೆಂದಿರುವೆನು. ಅಲ್ಲಿಗೆ ಪ್ರವೇಶದ ಚೀಟಿಯಿಲ್ಲ, ಬಾಗಿಲು ತೆರೆಯುವ ವೇಳೆಯೆಂಬುದಿಲ್ಲ, ಜನರ ನೂಕುನುಗ್ಗಲಿಲ್ಲ. ಅದು ಕೆಲಸ ನಡೆಯುತ್ತಿರುವ ಒಂದು ರಾಗಿಯ ಹೊಲ.

“ಹೊಲದಲ್ಲಿ ನೋಡತಕ್ಕದ್ದೇನಿದೆ?” ಎಂದು ಕೆಲವರು ಕೇಳಬಹುದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಎಳೆಯರಿಗೆ ಪಾಠ ಹೇಳಿದವನಾದುದರಿಂದ ನನ್ನ ಅನುಭವವೊಂದನ್ನು ಅರಿಕೆಮಾಡುವೆನು. ಪಟ್ಟಣದ ತರಗತಿಯೊಂದರಲ್ಲಿ ಒಮ್ಮೆ, ರಾಗಿಯು ಎಲ್ಲಿ ಬೆಳೆಯುವುದೆಂದು ಕೇಳಿದೆನು. ಒಬ್ಬನು ಕಡಲೆಕಾಯಿಯಂತೆ ಮಣ್ಣಿನೊಳಗೆಂದನು. ಒಬ್ಬಳು ಮರದ ಮೇಲೆಂದಳು. ಮತ್ತೊಬ್ಬನು ಬಹಳ ಹೊತ್ತು ಯೋಚಿಸಿ ಗಿರಣಿಯಲ್ಲೆಂದನು. ಅವರೆಲ್ಲರೂ ಹಲ್ಲು ಮೂಡುವುದಕ್ಕೆ ಮೊದಲೇ ರಾಗಿಯ ಸರಿಯನ್ನು ಉಂಡು ಬೆಳೆದ ಮಕ್ಕಳು. ಇದು ನಗತಕ್ಕ ವಿಷಯವಲ್ಲ. ಕಣ್ಣಿನಿಂದ ಕಾಣದುದನ್ನು ಅವರು ಬಲ್ಲುದು ಹೇಗೆ? ೧೮೯೯ರಲ್ಲಿ ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿಯವರು ಬೆಂಗಳೂರಿನ ಹೊರಗಣ ಹೆಬ್ಬಾಳದಲ್ಲಿ ಬೇಸಾಯದ ಪ್ರಯೋಗಗಳಿಗಾಗಿ ಭೂಮಿಯನ್ನು ಕೊಟ್ಟರು. ಅಂದು ಊರಾಚೆಯಿದ್ದ ಆ ಹೆಬ್ಬಾಳವನ್ನು ಇಂದು ನಗರವು ಸುತ್ತಲಿನಿಂದಲೂ ಮುಚ್ಚಿಕೊಂಡಿದೆ. ಹೀಗೆ ಹೊಲವು ಮನೆಯಿಂದ ದೂರವಾಗುತ್ತ ಬಂದಿದೆ. ಅನ್ನವಾದರೋ ಚೀಲದಲ್ಲಿ ಕಟ್ಟಿಕೊಂಡು ಬಾಗಿಲಿಗೇ ಬರುತ್ತಿದೆ. ಬಂದ ದಾರಿ ಕಾಣದೆ ಹೋದಾಗ, ಅದನ್ನು ಬೆಳೆದವರ ನೆನಪೂ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಈ ಲೇಖನಕ್ಕೆ ಕಾರಣವಾದ ಚಿಂತೆ ಇದೇ.

ಮಕ್ಕಳೊಡನೆ ಹೊಲಕ್ಕೆ ಹೋಗುವುದು ನಮ್ಮ ನಾಡಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಒಕ್ಕಲುಮಕ್ಕಳು ಆಶ್ವಯುಜದ ಹುಣ್ಣಿಮೆಯನ್ನು ಸೀಗೆ ಹುಣ್ಣಿಮೆಯೆಂದು ಆಚರಿಸುವರು. ಮನೆಮಂದಿಯೆಲ್ಲರೂ ಬುತ್ತಿಯನ್ನು ಹೇರಿಕೊಂಡು ಹೊಲಕ್ಕೆ ಹೋಗಿ, ನಿಂತ ಪೈರಿಗೆ ಪೂಜೆಮಾಡಿ, ಅಡಿಗೆಯನ್ನು ಚರಗವಾಗಿ ಬೆಳೆಯ ನಡುವೆ ಚೆಲ್ಲಿ, ಅನಂತರ ಅಲ್ಲಿಯೇ ಕುಳಿತು ಊಟಮಾಡುವರು. ಅದೇ ದಿನ ಮಲೆನಾಡಿನ ಶಿವಮೊಗ್ಗದ ಸೀಮೆಯಲ್ಲಿ ಭೂಮಿ ಹುಣ್ಣಿಮೆ. ಚಿತ್ತಾರ ಬರೆದ ಬುಟ್ಟಿಗಳಲ್ಲಿ ಎಡೆಯನ್ನು ಗದ್ದೆಗೆ ಒಯ್ಯುವರು. ತೆನೆಹೊತ್ತ ಭೂಮಿಯು ಬಸುರಿಯೆಂದೂ, ಆಕೆಗೆ ಬಯಕೆಯ ಊಟವನ್ನು ಬಡಿಸಬೇಕೆಂದೂ ಅವರ ಭಾವನೆ. ಶರತ್ತು ಕಳೆದು ಚಳಿ ಮೊದಲಾಗುವಾಗ ಕೊಡಗಿನಲ್ಲಿ ಪುತ್ತರಿ. ರಾತ್ರಿಯ ಹೊತ್ತಿನಲ್ಲಿ ಮನೆಯವರೆಲ್ಲರೂ ಗದ್ದೆಗಿಳಿದು ಹೊಸ ಬತ್ತದ ಕದಿರನ್ನು ಕೊಯ್ದು ತರುವರು. ಈ ಮೂರರಲ್ಲಿಯೂ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗುವ ಪದ್ಧತಿಯಿಲ್ಲ. ಹೊಲವಿದ್ದವರಿಗೆ ಹಬ್ಬವೇ ಪಾಠವಾಗಿತ್ತು. ಹೊಲವಿಲ್ಲದ ನಾವು ಆ ಪಾಠವನ್ನು ಪ್ರಯತ್ನಪೂರ್ವಕವಾಗಿ ಏರ್ಪಡಿಸಿಕೊಳ್ಳಬೇಕಾಗಿದೆ.

ಸಂಸ್ಕೃತದಲ್ಲಿ ಶರತ್ತೆಂಬ ಮಾತಿಗೆ ವರ್ಷವೆಂಬ ಅರ್ಥವೂ ಉಂಟು. ನಮ್ಮ ಪೂರ್ವಿಕರು ಆಯುಸ್ಸನ್ನು ಶರತ್ತುಗಳಿಂದ ಎಣಿಸಿದರು. ಪೈರು ಕೈಗೆ ಹತ್ತುವ ಕಾಲವನ್ನು ಕಂಡೆವೆಂದರೆ ಒಂದು ವರ್ಷ ಬದುಕಿದೆವೆಂದು ಲೆಕ್ಕ. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ಶರತ್ತನ್ನು ವರ್ಣಿಸುವಾಗ ಹಂಸಗಳನ್ನೂ ಕಾಶಪುಷ್ಪಗಳನ್ನೂ ಹೇಳಿ, ಅವುಗಳೊಡನೆ ಕಬ್ಬಿನ ನೆರಳಿನಲ್ಲಿ ಕುಳಿತು ಬತ್ತದ ಗದ್ದೆಯನ್ನು ಕಾಯುವ ಹೆಂಗಸರನ್ನೂ ತಂದಿರುವನು. ಆ ಮಹಾಕವಿಯ ಶರತ್ತಿನಲ್ಲಿಯೂ ದುಡಿಯುವವರಿಗೆ ಎಡೆಯುಂಟು. ಮಕ್ಕಳಿಗೆ ನಾವು ತೋರಿಸಬೇಕಾದುದೂ ಹಾಗೆಯೇ: ಬೆಳೆಯನ್ನು ಮಾತ್ರವಲ್ಲ, ಬೆಳೆಯುವವರನ್ನೂ.

ಈ ಕಾರಣದಿಂದಲೇ ನಾನು ‘ಕೆಲಸ ನಡೆಯುತ್ತಿರುವ ಹೊಲ’ವೆಂದು ಒತ್ತಿ ಹೇಳಿರುವುದು. ನೋಡುವವರಿಗೋಸ್ಕರವೇ ಸಿಂಗರಿಸಿ, ಬಂಡಿಯ ಸವಾರಿಯನ್ನೂ ಉಯ್ಯಾಲೆಯನ್ನೂ ಇಟ್ಟಿರುವ ತೋಟಗಳು ಈಗ ನಗರಗಳ ಸುತ್ತಲೂ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ ನಡೆಸುವ ಕೃಷಿಮೇಳವೂ ಇದೆ. ಅಲ್ಲಿ ನಾನಾ ತಳಿಗಳನ್ನೂ ಯಂತ್ರಗಳನ್ನೂ ಒಂದೇ ಕಡೆ ಕಾಣಬಹುದು. ಇವು ತಕ್ಕಮಟ್ಟಿಗೆ ಉಪಯುಕ್ತವೇ. ಆದರೆ ಇವುಗಳಲ್ಲಿ ಎಲ್ಲವೂ ನಮ್ಮನ್ನು ಎದುರುನೋಡುತ್ತಿರುವುವು. ನಿಜವಾದ ಹೊಲವು ಯಾರನ್ನೂ ಎದುರುನೋಡುವುದಿಲ್ಲ; ಅದು ಮಳೆಯನ್ನೂ ಬಿಸಿಲನ್ನೂ ನೋಡುತ್ತಿರುವುದು. ತಾನು ಹೋದರೂ ಹೋಗದಿದ್ದರೂ ಅಲ್ಲಿನ ಕೆಲಸವು ನಡೆಯುವುದೆಂಬ ಅರಿವು ಮಗುವಿಗೆ ಬಹಳ ಒಳ್ಳೆಯದು.

ಇನ್ನು, ರಾಗಿಯ ಹೊಲವೇ ಏಕೆ? ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕರ್ನಾಟಕವೇ ಬೆಳೆಯುವುದು. ತುಮಕೂರು, ರಾಮನಗರ, ಕೋಲಾರ, ಹಾಸನ, ಮಂಡ್ಯ, ಇವುಗಳಲ್ಲಿ ಎತ್ತ ಹೊರಟರೂ ಒಂದು ರಾಗಿಯ ಹೊಲ ಸಿಕ್ಕುವುದು. ಜೂನ್ ಜುಲೈಗಳಲ್ಲಿ ಬಿತ್ತಿದ ಪೈರು ದಸರೆಯ ಹೊತ್ತಿಗೆ ತೆನೆಹೊತ್ತು ನಿಲ್ಲುವುದು. ಕಾರ್ತಿಕದಲ್ಲಿ ಬಲಿತು ಕಂದುಬಣ್ಣಕ್ಕೆ ತಿರುಗಿ, ನವೆಂಬರ್ ಡಿಸೆಂಬರುಗಳಲ್ಲಿ ಕೊಯ್ಲಾಗುವುದು. ಕಬ್ಬಿನಂತೆ ಅದು ಮಗುವನ್ನು ಮುಚ್ಚಿಬಿಡುವುದಿಲ್ಲ. ನಾಲ್ಕೈದು ವರ್ಷದ ಮಗುವಿನ ಮುಖದ ಮಟ್ಟಕ್ಕೆ ತೆನೆಯು ತೂಗುವುದು. ಪೈರಿಗೂ ಮಗುವಿಗೂ ಇಷ್ಟು ಸರಿಸಮವಾದ ಎತ್ತರವು ಬೇರೆ ಬೆಳೆಯಲ್ಲಿ ಅಪರೂಪ.

ಹೊರಡುವುದಕ್ಕೆ ಮೊದಲು ಮಾಡತಕ್ಕ ಕೆಲಸಗಳು ಕೆಲವುಂಟು. ಪ್ರತಿಯೊಂದು ಕುಟುಂಬಕ್ಕೂ ಹಳ್ಳಿಯಲ್ಲಿ ಯಾರಾದರೂ ಬಂಧುಗಳೋ, ಹಾಲು ತರಕಾರಿ ತರುವ ಪರಿಚಯಸ್ಥರೋ ಇದ್ದೇ ಇರುವರು. ಅವರನ್ನು ಮುಂಚಿತವಾಗಿ ಕೇಳಿ, ಯಾವ ದಿನ ಬಂದರೆ ಅವರ ಕೆಲಸಕ್ಕೆ ಅಡ್ಡಿಯಾಗದೆಂದು ತಿಳಿದುಕೊಳ್ಳಬೇಕು. ನಮಗೆ ಬಿಡುವಾದ ದಿನವನ್ನು ಅವರ ಮೇಲೆ ಹೇರಬಾರದು. ಮಕ್ಕಳ ಗುಂಪು ಚಿಕ್ಕದಾಗಿರಲಿ. ಇಬ್ಬರು ಮಕ್ಕಳಿಗೆ ಒಬ್ಬರಂತೆ ದೊಡ್ಡವರಿದ್ದರೆ ಲೇಸು. ಪಾದವನ್ನು ಮುಚ್ಚುವ ಮೆಟ್ಟು, ತುಂಬುತೋಳಿನ ಹತ್ತಿಯ ಬಟ್ಟೆ, ತಲೆಗೊಂದು ವಸ್ತ್ರ, ಕುಡಿಯುವ ನೀರು, ಮನೆಯಿಂದ ಕಟ್ಟಿಕೊಂಡ ಬುತ್ತಿ, ಇಷ್ಟು ಸಾಕು. ಊಟದ ಭಾರವನ್ನು ರೈತರ ಮನೆಯ ಹೆಂಗಸರ ಮೇಲೆ ಹಾಕಕೂಡದು. ಕೊಯ್ಲಿನ ದಿನಗಳಲ್ಲಿ ಅವರಿಗಿರುವ ಕೆಲಸವೇ ಬೆಟ್ಟದಷ್ಟು. ಬೆಳಗ್ಗೆ ಬೇಗನೆ ಹೋಗಿ ಬಿಸಿಲೇರುವುದರೊಳಗೆ ಹೊಲವನ್ನು ನೋಡಿಬಿಡಬೇಕು.

ಹೊಲವನ್ನು ಸೇರಿದೊಡನೆ ಉಪನ್ಯಾಸಕ್ಕೆ ತೊಡಗಬಾರದು. ನಮ್ಮಂತಹ ಉಪಾಧ್ಯಾಯರಿಗೆ ಈ ಎಚ್ಚರಿಕೆ ವಿಶೇಷವಾಗಿ ಬೇಕು. ಮೊದಲು ಮಕ್ಕಳು ಬದುವಿನ ಮೇಲೆ ನಡೆಯಲಿ. ಒಂದು ತೆನೆಯ ಬಳಿ ನಿಲ್ಲಿಸಿ, ಅದರ ಪಕ್ಕಕ್ಕೆ ತಮ್ಮ ಅಂಗೈಯನ್ನು ಹಿಡಿಯುವಂತೆ ಹೇಳಿರಿ. ರಾಗಿಯ ತೆನೆಯು ಬೆರಳು ಮಡಿಚಿದ ಕೈಯಂತೆಯೇ ಇರುವುದು. ಎಷ್ಟು ಬೆರಳುಗಳಿವೆಯೆಂದು ಅವರೇ ಎಣಿಸಲಿ. ಒಂದರಲ್ಲಿ ಐದು, ಇನ್ನೊಂದರಲ್ಲಿ ಏಳು, ಹೀಗೆ ಲೆಕ್ಕವು ಬೇರೆಬೇರೆಯಾಗುವುದು. ತರುವಾಯ ರಾಗಿಯ ನಡುನಡುವೆ ಇರುವ ಅಕ್ಕಡಿ ಸಾಲುಗಳನ್ನು ತೋರಿಸಿರಿ. ಅವುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳಿರುವುವು. ಒಂದು ಬೆಳೆ ಕೆಟ್ಟರೆ ಇನ್ನೊಂದಾದರೂ ಕೈಹಿಡಿಯಲೆಂಬುದು ಹಿಂದಿನವರ ವಿವೇಕ. ಹುಚ್ಚೆಳ್ಳಿನ ಹಳದಿಯ ಹೂವಿಗೆ ಜೇನುನೊಣಗಳು ಮುತ್ತುವುದನ್ನು ಮಕ್ಕಳು ದೂರದಿಂದ ನೋಡಲಿ. ದನಗಳು ಹುಚ್ಚೆಳ್ಳನ್ನು ಮೇಯುವುದಿಲ್ಲ. ಆದಕಾರಣ ಅದನ್ನು ಹೊಲದ ಅಂಚಿಗೆ ಬಿತ್ತಿ ಬೇಲಿಯ ಉಪಯೋಗವನ್ನು ಪಡೆಯುವ ರೂಢಿಯುಂಟು. ಇದನ್ನು ನಾವು ಹೇಳುವುದಕ್ಕಿಂತ ಹೊಲದ ಯಜಮಾನರ ಬಾಯಿಂದಲೇ ಕೇಳಿಸುವುದು ಮೇಲು.

ಬರಿಯ ನೋಟದಿಂದ ಎಳೆಯರಿಗೆ ತೃಪ್ತಿಯಾಗದು; ಕೈಗೆ ಕೆಲಸ ಬೇಕು. ಕುಡುಗೋಲನ್ನು ಚಿಕ್ಕವರ ಕೈಗೆ ಕೊಡಲಾಗದು. ಆದರೆ ಕೊಯ್ದ ಮೇಲೆ ನೆಲದಲ್ಲಿ ಉಳಿದ ತೆನೆಗಳನ್ನು ಆರಿಸಿ ಬುಟ್ಟಿಗೆ ತುಂಬುವುದು, ಕೆಲಸದವರಿಗೆ ನೀರು ಕೊಂಡೊಯ್ಯುವುದು, ಹಸುವಿಗೆ ಹಿಡಿಹುಲ್ಲು ಹಾಕುವುದು, ಇವು ಐದು ವರ್ಷದವರಿಂದಲೂ ಆಗತಕ್ಕವು. ಒಣಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಮೆಲ್ಲನೆ ಊದಿ, ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಳ್ಳುವುದನ್ನು ಒಮ್ಮೆ ತೋರಿಸಿದರೆ ಸಾಕು, ಮಕ್ಕಳು ಅದನ್ನು ಬಿಡುವುದೇ ಇಲ್ಲ. ಕಣದಲ್ಲಿ ಮೊರದಿಂದ ತೂರುವ ಕೆಲಸದ ತತ್ತ್ವವೆಲ್ಲವೂ ಆ ಒಂದು ಊದುವಿಕೆಯಲ್ಲಿದೆ. ದಸರೆಯ ಹೊತ್ತಿಗೆ ಹೋದವರಿಗೆ ಅದೃಷ್ಟವಿದ್ದರೆ, ಎಳೆಯ ತೆನೆಯನ್ನು ಕೆಂಡದಲ್ಲಿ ಬಾಡಿಸಿ ಉಜ್ಜಿ ತೆಗೆದ ಹಸಿಗಾಳು ಬೆಲ್ಲದೊಡನೆ ತಿನ್ನುವುದಕ್ಕೆ ಸಿಕ್ಕೀತು. ಅದರ ರುಚಿಯನ್ನು ಕಂಡ ಮಗುವಿಗೆ ರಾಗಿಯ ಗುಣವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಗಣಿತವೂ ಅಲ್ಲಿಯೇ ಇದೆ. ಒಂದು ಗ್ರಾಮು ತೂಗುವುದಕ್ಕೆ ೩೦೦ಕ್ಕೂ ಹೆಚ್ಚು ರಾಗಿಕಾಳುಗಳು ಬೇಕು. ಹಾಗಾದರೆ ೧೦೦ ಗ್ರಾಮು ಹಿಟ್ಟಿನಿಂದ ಮಾಡಿದ ಮುದ್ದೆಯಲ್ಲಿ ೩೦,೦೦೦ಕ್ಕೂ ಹೆಚ್ಚು ಕಾಳುಗಳು ಅಡಗಿರುವುವು. ಕೂರಿಗೆಯಿಂದ ಬಿತ್ತುವಾಗ ಎಕರೆಗೆ ನಾಲ್ಕೈದು ಕಿಲೋ ಬೀಜವು ಹಿಡಿಯುವುದು; ಮಳೆ ಸರಿಯಾಗಿ ಬಂದ ವರ್ಷ ಅದರಿಂದ ಐದಾರು ಕ್ವಿಂಟಲು ರಾಗಿಯು ದೊರೆಯಬಹುದು. ಒಂದು ನೂರಾದುದನ್ನು ಮಕ್ಕಳು ತಾವೇ ಭಾಗಿಸಿ ಕಂಡುಕೊಳ್ಳಲಿ. ಚರಿತ್ರೆಯ ಪಾಠವೂ ಉಂಟು. ರಾಗಿಯ ಮೂಲಸ್ಥಾನವು ಪೂರ್ವ ಆಫ್ರಿಕದ ಎತ್ತರದ ಸೀಮೆಯೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಮಂಡ್ಯದ ವಿ. ಸಿ. ಫಾರಮಿನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ಪಡೆದರು. ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳೂ ಸೇರಿ ಅವು ಇಂಡಾಫ್ ಎನಿಸಿದವು. ನಮ್ಮ ಮನೆಯದೇ ಎಂದು ತಿಳಿದಿರುವ ಮುದ್ದೆಯು ಎಷ್ಟು ದೂರದಿಂದ ನಡೆದು ಬಂದುದೆಂದು ಮಕ್ಕಳಿಗೆ ಬೆರಗಾಗುವುದು.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಅಲ್ಲಿನ ಜನರು. ಹೊಲದ ಯಜಮಾನರಿಗೆ ನಮಸ್ಕಾರ ಹೇಳಿಸಿ, ಕೂಲಿಗೆ ಬಂದ ಹೆಂಗಸರನ್ನು ಗಮನಿಸದೆ ಬಿಡುವುದು ಸಲ್ಲದು. ಕಳೆ ಕೀಳುವ, ತೆನೆ ಕೊಯ್ಯುವ ಕೆಲಸದ ಬಹುಭಾಗವನ್ನು ಮಾಡುವವರು ಅವರೇ. ಅವರ ಹೆಸರನ್ನು ಕೇಳಿ ತಿಳಿದು, ಅಜ್ಜಿ, ಅಕ್ಕ ಎಂದು ಮಾತನಾಡಿಸುವುದನ್ನು ಮಕ್ಕಳು ಕಲಿಯಲಿ. ಅವರು ಎಷ್ಟು ಹೊತ್ತಿಗೆ ಎದ್ದರು, ಏನು ಉಂಡು ಬಂದರು, ಬೆನ್ನು ನೋಯುವುದಿಲ್ಲವೆ, ಈ ಪ್ರಶ್ನೆಗಳನ್ನು ಮಕ್ಕಳು ತಾವಾಗಿಯೇ ಕೇಳುವರು. ದೊಡ್ಡವರು ಸಂಕೋಚಪಟ್ಟು ಅವರ ಬಾಯಿ ಮುಚ್ಚಿಸಬಾರದು. ಅಪ್ಪಣೆಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಬಾರದು. ಹಿಂದಿರುಗುವಾಗ ಯಜಮಾನರ ಹಳೆಯ ರಾಗಿಯಲ್ಲಿ ಐದೋ ಹತ್ತೋ ಕಿಲೋಗಳನ್ನು ಅವರು ಹೇಳಿದ ಬೆಲೆಗೆ ಕೊಂಡು ತರಬೇಕು. ಮಕ್ಕಳ ಎದುರಿನಲ್ಲಿ ಅದಕ್ಕೆ ಚೌಕಾಸಿ ಮಾಡಿದರೆ, ಬೆಳಗಿನಿಂದ ಕಲಿಸಿದುದೆಲ್ಲವೂ ಒಂದು ಕ್ಷಣದಲ್ಲಿ ಅಳಿಸಿಹೋಗುವುದು.

ಇನ್ನೊಂದು ಮಾತು. ಬೆಳೆ ಚೆನ್ನಾಗಿರುವ ವರ್ಷ ಮಾತ್ರವೇ ಹೊಲಕ್ಕೆ ಹೋಗಬೇಕೆಂಬುದು ಸರಿಯಲ್ಲ. ೨೦೨೩ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಸರ್ಕಾರದವರು ಬರಪೀಡಿತವೆಂದು ಸಾರಿದರು. ಆ ವರ್ಷ ಕಾರ್ತಿಕದಲ್ಲಿ, ನನ್ನ ಇಬ್ಬರು ಮೊಮ್ಮಕ್ಕಳನ್ನೂ ನೆರೆಮನೆಯ ಏಳು ವರ್ಷದ ಹುಡುಗಿಯನ್ನೂ ಕರೆದುಕೊಂಡು ಬರುವೆನೆಂದು ತುಮಕೂರು ಜಿಲ್ಲೆಯ ಪರಿಚಯಸ್ಥ ರೈತರೊಬ್ಬರಿಗೆ ತಿಳಿಸಿದ್ದೆನು. “ಈ ಸಲ ತೋರಿಸುವುದಕ್ಕೆ ಏನಿದೆ ಸ್ವಾಮಿ? ಮುಂದಿನ ವರ್ಷ ಬನ್ನಿ” ಎಂದರು. ಆದರೂ ನಾವು ಹೋದೆವು. ಪೈರು ಮೊಣಕಾಲಿನ ಮಟ್ಟಕ್ಕೆ ನಿಂತು ಒಣಗಿತ್ತು. ಅವರು ಅದನ್ನು ದನಗಳ ಮೇವಿಗೆಂದು ಕೊಯ್ಯುತ್ತಿದ್ದರು. ಹುಡುಗಿಯು ಒಂದು ತೆನೆಯನ್ನು ಕಿತ್ತು, ಅಂಗೈಯಲ್ಲಿ ಉಜ್ಜಿ ಊದಿದಳು. ಎಲ್ಲವೂ ಹಾರಿಹೋಯಿತು. ಮತ್ತೊಂದನ್ನು ಉಜ್ಜಿದಳು, ಅದೂ ಹಾಗೆಯೇ.

“ಕಾಳು ಎಲ್ಲಿಗೆ ಹೋಯಿತು?” ಎಂದು ಕೇಳಿದಳು.

“ಹೋಗಲಿಲ್ಲ ತಾಯಿ, ಬರಲೇ ಇಲ್ಲ” ಎಂದರು ಆ ರೈತರು.

ಮಗುವು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಮುಂದಿನ ಸಲ ಏನು ಬಿತ್ತುವಿರಿ?” ಎಂದಳು. ಅವರು ನಮ್ಮನ್ನು ಮನೆಗೆ ಕರೆದೊಯ್ದು ಮೂಲೆಯಲ್ಲಿದ್ದ ಒಂದು ಚೀಲವನ್ನು ತೋರಿಸಿದರು. ಹಿಂದಿನ ವರ್ಷದ ರಾಗಿ. ರಾಗಿಗೆ ಬೇರೆ ಧಾನ್ಯಗಳಂತೆ ಸುಲಭವಾಗಿ ಹುಳು ಹಿಡಿಯುವುದಿಲ್ಲ. ಹಿಂದೆ ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಇಡುತ್ತಿದ್ದುದು ಇಂತಹ ಕಾಲಕ್ಕೆಂದೇ. “ಇದು ಇದೆ, ಮಳೆ ಬರಬೇಕು” ಎಂದಷ್ಟೇ ಅವರು ಹೇಳಿದರು. ಮರುವರ್ಷ ಮಳೆ ಬಂದಿತು. ಪುನಃ ಅದೇ ಹೊಲಕ್ಕೆ ಹೋದಾಗ ಆ ಹುಡುಗಿಯು ವಾಹನದಿಂದ ಇಳಿದವಳೇ ಆಟಕ್ಕೆ ಓಡದೆ, ಒಂದು ತೆನೆಯನ್ನು ಉಜ್ಜಿ ಊದಿ, ಅಂಗೈಯಲ್ಲಿ ಉಳಿದ ಕಾಳನ್ನು ಆ ರೈತರಿಗೆ ತೋರಿಸಿದಳು. ಪಾಠಶಾಲೆಯಲ್ಲಿ ಬರವೆಂಬ ಪದದ ಅರ್ಥವನ್ನು ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ. ಯಾವ ಮಗುವೂ ಅದನ್ನು ಇಷ್ಟು ಚೆನ್ನಾಗಿ ತಿಳಿದುಕೊಂಡುದನ್ನು ಕಂಡಿರಲಿಲ್ಲ. ಬೆಳೆದ ವರ್ಷ ಮಾತ್ರ ಹೋಗುವುದು ಜಾತ್ರೆಗೆ ಹೋದಂತೆ. ಬೆಳೆಯದ ವರ್ಷವೂ ಹೋಗುವುದು ನೆಂಟರ ಮನೆಗೆ ಹೋದಂತೆ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಮುಗಿಸುವುದು ತರವಲ್ಲ. ಹೊಲಕ್ಕೆ ಕಾಲಿಡುವ ಮೊದಲೇ ಬಾವಿ, ಕೃಷಿಹೊಂಡ, ಬಾಯಿ ಮುಚ್ಚದ ಕೊಳವೆಬಾವಿಗಳು ಎಲ್ಲಿವೆಯೆಂದು ಕೇಳಿ, ಮಕ್ಕಳನ್ನು ಆ ದಿಕ್ಕಿಗೇ ಬಿಡಬಾರದು. ಕೊಯ್ಲಿನ ಯಂತ್ರ, ಟ್ರಾಕ್ಟರು, ಒಕ್ಕುವ ಯಂತ್ರಗಳು ನಡೆಯುತ್ತಿರುವಾಗ ಅವುಗಳ ಸಮೀಪಕ್ಕೆ ಹೋಗಕೂಡದು. ಮೆದೆಯ ಸಂದಿಗೂ ಬದುವಿನ ಬಿಲಕ್ಕೂ ಕೈಹಾಕಬಾರದು. ಇಲಿಯಿರುವ ಕಡೆ ಹಾವೂ ಇರುವುದು. ಔಷಧಿ ಸಿಂಪಡಿಸಿದ ಹೊಲಕ್ಕೆ ಆ ದಿನಗಳಲ್ಲಿ ಹೋಗಬಾರದು. ಯಾವ ಕಾಯಿಯನ್ನೇ ಆಗಲಿ ಯಜಮಾನರನ್ನು ಕೇಳದೆ, ತೊಳೆಯದೆ ಬಾಯಿಗಿಡಬಾರದು. ಎತ್ತು ಸಾಧುವಾದರೂ ಅದರ ಹಿಂದುಗಡೆ ಸುಳಿಯಬಾರದು. ತಂದ ಬುತ್ತಿಯ ಕಾಗದ, ಪ್ಲಾಸ್ಟಿಕ್ ಚೀಲಗಳೆಲ್ಲವೂ ನಮ್ಮೊಡನೆಯೇ ಹಿಂದಿರುಗಬೇಕು. ಅವು ದನದ ಹೊಟ್ಟೆಯನ್ನು ಸೇರಿದರೆ ಪ್ರಾಣಕ್ಕೆ ಸಂಚಕಾರ.

ಮನೆಗೆ ಬಂದ ಮೇಲೆ “ಏನು ಕಲಿತೆ, ಹೇಳು” ಎಂದು ಮಕ್ಕಳನ್ನು ಪರೀಕ್ಷಿಸಬೇಡಿರಿ. ಅಂತಹ ಪರೀಕ್ಷೆಗಳು ಅವರಿಗೆ ಬೇಕಾದಷ್ಟು ಇವೆ. ತಂದ ರಾಗಿಯನ್ನು ಅವರೊಡನೆ ಕುಳಿತು ಮೊರದಲ್ಲಿ ಕೇರಿ, ಕಲ್ಲು ಆರಿಸಿರಿ. ಗಿರಣಿಗೆ ಹೋಗುವಾಗ ಅವರನ್ನೂ ಕರೆದೊಯ್ಯಿರಿ. ಮಾರನೆಯ ದಿನ ಅದರದೇ ಮುದ್ದೆಯನ್ನೋ ರೊಟ್ಟಿಯನ್ನೋ ಮಾಡಿ ಬಡಿಸಿರಿ. ಒಂದು ಹಿಡಿ ಕಾಳನ್ನು ಸೀಸೆಯಲ್ಲಿ ತೆಗೆದಿಟ್ಟು, ಬರುವ ಜೂನಿನಲ್ಲಿ ಅಂಗಳದ ಮೂಲೆಯಲ್ಲಿಯೋ, ಅಂಗಳವಿಲ್ಲದವರು ಮಾಳಿಗೆಯ ಮೇಲಿನ ಕುಂಡದಲ್ಲಿಯೋ ಅವರಿಂದಲೇ ಬಿತ್ತಿಸಿರಿ. ಪೈರು ಎದ್ದರೆ ಸಂತೋಷ. ಏಳದಿದ್ದರೆ, ಏಕೆ ಏಳಲಿಲ್ಲವೆಂದು ಆ ರೈತರನ್ನೇ ಕೇಳೋಣವೆನ್ನಿರಿ. ಆ ನೆವದಿಂದ ಎರಡು ಮನೆಗಳಿಗೂ ಒಂದು ಸಂಬಂಧವು ನಿಲ್ಲುವುದು.

ವಾಚಕರಲ್ಲಿ ನನ್ನ ಬಿನ್ನಹವಿಷ್ಟು: ಹಳ್ಳಿಯಲ್ಲಿರುವ ನಿಮ್ಮ ಪರಿಚಯಸ್ಥರಿಗೆ ಈ ವಾರವೇ ಒಂದು ಮಾತು ತಿಳಿಸಿರಿ. ಬೆಳೆ ಹೇಗಿದೆಯೆಂದು ಮೊದಲು ವಿಚಾರಿಸಿರಿ. ಬರಬಹುದೆ ಎಂದು ಅನಂತರ ಕೇಳಿರಿ. ಕಾರ್ತಿಕವು ಕಳೆದರೆ ತೆನೆಗಳು ಮೆದೆಯನ್ನು ಸೇರಿಬಿಡುವುವು. ಮಕ್ಕಳಿಗೂ ಒಂದು ವಯಸ್ಸು ಕಳೆದಿರುವುದು.